ಮಂಡಿ ಕೈಕೊಟ್ಟಾಗ ಮುರಿಯುವುದು ಸೊಂಟ

"ಹೇಗೆ ಬಿದ್ರಿ?"

ಸೊಂಟದ ಮೂಳೆ ಮುರಿದು ಆಪರೇಷನ್ ಆದವರು ನನ್ನ ಬಳಿ ಬಂದಾಗ ನಾನು ಮೊದಲು ಕೇಳುವುದು ಇದನ್ನೇ. ಶಿವಮೊಗ್ಗದಲ್ಲಿ ಫಿಸಿಯೋಥೆರಪಿಸ್ಟ್ ಆಗಿ 22 ವರ್ಷ ಕಳೆದೆ. ಉತ್ತರ ಹೆಚ್ಚುಕಡಿಮೆ ಒಂದೇ: "ಕಾಲು ಜಾರ್ತು ಕಣಮ್ಮ." ಅಷ್ಟಕ್ಕೆ ಬಿಟ್ಟರೆ ಮಾತು ಅಲ್ಲಿಗೆ ಮುಗಿಯುತ್ತದೆ. ನಾನು ಬಿಡುವುದಿಲ್ಲ. ನೆಲ ಒದ್ದೆ ಇತ್ತಾ? ಇಲ್ಲ. ಕತ್ತಲೆ ಇತ್ತಾ? ಇಲ್ಲ, ಬೆಳಗ್ಗೆ ಹತ್ತು ಗಂಟೆ. ಏನಾದರೂ ಎಡವಿದ್ರಾ? ಅದೂ ಇಲ್ಲ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳುತ್ತಾರೆ: "ಕುರ್ಚಿಯಿಂದ ಎದ್ದು ಎರಡು ಹೆಜ್ಜೆ ಇಟ್ಟೆ ನೋಡು, ಮಂಡಿ ಒಮ್ಮೆಲೇ ಕೈಕೊಟ್ಬಿಡ್ತು."

ಆಸ್ಪತ್ರೆಯ ಫೈಲಿನಲ್ಲಿ ಈ ಮಾತು ಇರುವುದಿಲ್ಲ. ಅಲ್ಲಿ ಬರೆದಿರುವುದು "ಮನೆಯಲ್ಲಿ ಜಾರಿ ಬಿದ್ದದ್ದು" ಎಂದು ಮಾತ್ರ. ಹತ್ತು ಹನ್ನೆರಡು ವರ್ಷದಿಂದ ಆ ಮಂಡಿ ನೋಯುತ್ತಿತ್ತು, ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಿದ್ದರು, ನೆಲದ ಮೇಲೆ ಕೂತು ಏಳುವುದನ್ನು ಬಿಟ್ಟು ಐದು ವರ್ಷವಾಗಿತ್ತು ಎಂಬುದೆಲ್ಲ ಬೇರೆ ಫೈಲಿನ ವಿಷಯ. ಮಂಡಿ ನೋಡಿದ ಡಾಕ್ಟರ್ ಸೊಂಟ ನೋಡಲಿಲ್ಲ, ಸೊಂಟಕ್ಕೆ ರಾಡು ಹಾಕಿದ ಡಾಕ್ಟರ್ ಮಂಡಿಯ ಬಗ್ಗೆ ಕೇಳಲಿಲ್ಲ. ಮನೆಯವರಿಗಂತೂ ಎರಡೂ "ವಯಸ್ಸಾಯ್ತಲ್ಲ" ಎಂಬ ಒಂದೇ ಪದದಲ್ಲಿ ಮುಗಿದುಹೋಗಿರುತ್ತವೆ. ಇಷ್ಟು ವರ್ಷ ಈ ಕಾಲುಗಳನ್ನು ಕೈಯಲ್ಲಿ ಹಿಡಿದು ನಡೆಸಿದವಳಾಗಿ ಹೇಳುತ್ತೇನೆ: ವಯಸ್ಸಾದವರ ಮಂಡಿ ನೋವು ಬರೀ ನೋವಲ್ಲ, ಅದು ಬೀಳುವ ಮುನ್ಸೂಚನೆ. ಅದನ್ನು ಹಾಗೆ ಓದಲು ನಾವು ಇನ್ನೂ ಕಲಿತಿಲ್ಲ.

ನನ್ನ ಅಮ್ಮನ ವಿಷಯದಲ್ಲಿ ನಾನೂ ಓದಲಿಲ್ಲ.

ತೀರ್ಥಹಳ್ಳಿ ಕಡೆಯ ಹಳ್ಳಿ ನಮ್ಮದು. ಅಡಿಕೆ ತೋಟದ ಮನೆ. ಕೊಯ್ಲು ಶುರುವಾದರೆ ಅಮ್ಮ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಳು. ಒಂದು ಕಾಲು ಮಡಚಿ, ಒಂದು ಕಾಲು ಚಾಚಿ, ಒಂದೇ ಭಂಗಿಯಲ್ಲಿ ಮೂರು ನಾಲ್ಕು ತಾಸು. ಅರವತ್ತು ದಾಟುವ ಹೊತ್ತಿಗೆ ಬಲ ಮಂಡಿ ಊದಿಕೊಳ್ಳತೊಡಗಿತು. ಎಳ್ಳೆಣ್ಣೆ ತಿಕ್ಕಿದಳು, ಲಕ್ಕಿಸೊಪ್ಪಿನ ಶಾಖ ಕೊಟ್ಟಳು, ಪೇಟೆಯಿಂದ ತಂದ ಮುಲಾಮು ಹಚ್ಚಿದಳು. "ಈ ಕೊಯ್ಲು ಮುಗೀಲಿ, ಆಮೇಲೆ ತೋರಿಸಿದ್ರಾಯ್ತು" ಎಂದು ಎಂಟು ಕೊಯ್ಲು ಕಳೆದಳು. ಕೊನೆಗೆ 2015ರಲ್ಲಿ ನಾನೇ ಒತ್ತಾಯ ಮಾಡಿ ಎಕ್ಸ್‌ರೇ ತೆಗೆಸಿದೆ. ಡಾಕ್ಟರ್ ಫಿಲ್ಮನ್ನು ಬೆಳಕಿಗೆ ಹಿಡಿದು, "ಗ್ಯಾಪ್ ಹೋಗಿದೆ, ಮಂಡಿ ಸವೆದಿದೆ. ಆದರೆ ಮೂಳೆ ಗಟ್ಟಿ ಇದೆ, ಹೆದರಬೇಡಿ" ಎಂದರು.

ಆ ಒಂದು ಮಾತಿಗೆ ನಾನು ನಿರಾಳವಾದೆ. ಮೂಳೆ ಗಟ್ಟಿ ಇದೆಯಲ್ಲ, ನೋವು ಹೇಗೋ ನಿಭಾಯಿಸಬಹುದು ಅಂದುಕೊಂಡೆ. ಎರಡು ವರ್ಷದ ನಂತರ ಅದೇ ಗಟ್ಟಿ ಮೂಳೆಯ ಹೆಂಗಸು ಬಚ್ಚಲಿಗೆ ಹೋಗುವ ದಾರಿಯಲ್ಲಿ ಬಿದ್ದು ತೊಡೆಮೂಳೆ ಮುರಿದುಕೊಂಡಳು.

ಆಮೇಲೆ ಕೂತು ಓದಿದೆ. ಓದಬೇಕಾದದ್ದನ್ನು ಮೊದಲೇ ಓದಬೇಕಿತ್ತು. ಮಂಡಿ ಸವೆತ ಇರುವವರ ಮೂಳೆ ಸಾಂದ್ರತೆ ಉಳಿದವರಿಗಿಂತ ತುಸು ಹೆಚ್ಚೇ ಇರುತ್ತದೆ ಎಂಬುದು ನಿಜ. ಮೈತೂಕ ಜಾಸ್ತಿ ಇರುವುದೂ ಅದಕ್ಕೆ ಒಂದು ಕಾರಣ. ಹಾಗಾಗಿ ಇವರ ಮೂಳೆ ಮುರಿಯುವುದು ಕಡಿಮೆ ಎಂದು ವೈದ್ಯಲೋಕ ಬಹಳ ಕಾಲ ನಂಬಿತ್ತು. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ನಗರದಲ್ಲಿ 55 ದಾಟಿದವರನ್ನು ವರ್ಷಗಟ್ಟಲೆ ಗಮನಿಸಿದ ದೊಡ್ಡ ಅಧ್ಯಯನ ಆ ನಂಬಿಕೆಯನ್ನು ಅಲುಗಾಡಿಸಿತು. 2003ರಲ್ಲಿ ಪ್ರಕಟವಾದ ಅದರ ವರದಿಯ ಪ್ರಕಾರ ಮಂಡಿ ಸವೆದವರ ಮೂಳೆ ಸಾಂದ್ರತೆ ಹೆಚ್ಚಿತ್ತು, ಆದರೂ ಮೂಳೆ ಮುರಿತ ಕಡಿಮೆ ಇರಲಿಲ್ಲ, ಬದಲಿಗೆ ಹೆಚ್ಚೇ ಇತ್ತು. 2006ರಲ್ಲಿ ಬ್ರಿಟನ್ನಿನ ನೈಜೆಲ್ ಆರ್ಡನ್ ಮತ್ತು ಸಂಗಡಿಗರು 75 ದಾಟಿದ 6,600ಕ್ಕೂ ಹೆಚ್ಚು ಜನರ ಲೆಕ್ಕ ಕೊಟ್ಟರು. ಮಂಡಿ ನೋವಿದ್ದವರು ಬೀಳುವ ಸಂಭವ ನೋವಿಲ್ಲದವರಿಗಿಂತ ಕಾಲು ಭಾಗದಷ್ಟು ಹೆಚ್ಚು. ಸೊಂಟ ಮುರಿದುಕೊಳ್ಳುವ ಸಂಭವ ಸುಮಾರು ಎರಡು ಪಟ್ಟು. ಎಲ್ಲ ಅಧ್ಯಯನಗಳೂ ಇದೇ ಅಂಕಿ ಕೊಡುತ್ತವೆ ಎಂದಲ್ಲ, ಕೆಲವು ಕಡೆ ಅಂತರ ಅಷ್ಟಾಗಿ ಕಂಡಿಲ್ಲ. ಆದರೆ ಮಂಡಿ ಸವೆತ ಸೊಂಟವನ್ನು ಕಾಪಾಡುತ್ತದೆ ಎಂಬ ಧೈರ್ಯಕ್ಕೆ ಇನ್ನು ಆಧಾರವಿಲ್ಲ.

ಇನ್ನೊಂದು ವಿಷಯ. ಮಂಡಿಯ ಎಕ್ಸ್‌ರೇಯಲ್ಲಿ ಬೆಳ್ಳಗೆ ಗಟ್ಟಿಯಾಗಿ ಕಂಡದ್ದು ಸವೆತದಿಂದಲೇ ಬಿರುಸಾದ ಮೂಳೆಯ ಅಂಚು. ಮೇಲಿನ ಸೊಂಟದ ಕೀಲಿನ ಹತ್ತಿರ ಮೂಳೆ ಹೇಗಿದೆ ಎಂದು ಅದು ಹೇಳುವುದಿಲ್ಲ. ಅದಕ್ಕೆ ಡೆಕ್ಸಾ ಎಂಬ ಬೇರೆ ಪರೀಕ್ಷೆ ಇದೆ. ಅದರಲ್ಲೂ ಬೆನ್ನುಮೂಳೆಯನ್ನಷ್ಟೇ ನೋಡಿದರೆ ವಯಸ್ಸಾದವರಲ್ಲಿ ಬೆಳೆದಿರುವ ಮೂಳೆಮುಳ್ಳುಗಳು ಲೆಕ್ಕವನ್ನು ಹಿಗ್ಗಿಸಿ ತೋರಿಸುತ್ತವೆ. ಸೊಂಟವನ್ನೇ ನೋಡಿಸಬೇಕು. ಅಮ್ಮನಿಗೆ ಅದನ್ನು ಯಾರೂ ಬರೆದುಕೊಡಲಿಲ್ಲ, ನಾನೂ ಕೇಳಲಿಲ್ಲ.

ಮೂಳೆ ಎಷ್ಟು ಗಟ್ಟಿ ಇದ್ದರೇನು, ಬೀಳುವುದನ್ನು ಅದು ತಡೆಯುವುದಿಲ್ಲವಲ್ಲ. ಬೀಳದಂತೆ ಹಿಡಿಯುವುದು ತೊಡೆ. ತೊಡೆಯ ಮುಂಭಾಗದಲ್ಲಿ ನಾಲ್ಕು ಸ್ನಾಯುಗಳು ಸೇರಿ ಒಂದು ದೊಡ್ಡ ಕಟ್ಟು ಇದೆ, ಮಂಡಿಯನ್ನು ನೆಟ್ಟಗೆ ನಿಲ್ಲಿಸುವುದು ಅದರ ಕೆಲಸ. ಮಂಡಿ ನೋಯತೊಡಗಿದರೆ ನಾವು ಆ ಕಾಲಿಗೆ ಭಾರ ಹಾಕುವುದಿಲ್ಲ, ಸ್ನಾಯು ಸೊರಗುತ್ತದೆ. ಊದಿಕೊಂಡ ಮಂಡಿ ಆ ಸ್ನಾಯುವನ್ನು ಪೂರ್ತಿ ಬಿಗಿಯಲು ಬಿಡುವುದೂ ಇಲ್ಲ. ನೋವಿನವರ ಎರಡೂ ತೊಡೆಗೆ ಟೇಪು ಸುತ್ತಿ ಅಳೆದರೆ ನೋಯುವ ಕಡೆಯದು ಎರಡು ಸೆಂಟಿಮೀಟರ್ ಸಣ್ಣಗಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಜೊತೆಗೆ ಕಾಲು ಎಲ್ಲಿದೆ, ಎಷ್ಟು ಬಾಗಿದೆ ಎಂದು ಕಣ್ಣು ಮುಚ್ಚಿದರೂ ತಿಳಿಸುವ ಕೀಲಿನ ಅರಿವು ಮಂಕಾಗುತ್ತದೆ. ಹೊಸ್ತಿಲು ದಾಟಲು ಪಾದ ಎಷ್ಟು ಎತ್ತಬೇಕೋ ಅಷ್ಟು ಎತ್ತುವುದಿಲ್ಲ. ಎಡವಿದಾಗ ಇನ್ನೊಂದು ಕಾಲನ್ನು ಚಟ್ಟನೆ ಪಕ್ಕಕ್ಕಿಟ್ಟು ಸಾವರಿಸಿಕೊಳ್ಳಲು ಆಗುವುದಿಲ್ಲ.

ಮಂಡಿ ಇದ್ದಕ್ಕಿದ್ದಂತೆ ಕುಸಿಯುವುದು ನಾವು ಅಂದುಕೊಂಡಷ್ಟು ಅಪರೂಪವೂ ಅಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ 2,300ಕ್ಕೂ ಹೆಚ್ಚು ಜನರನ್ನು ಈ ಬಗ್ಗೆ ಕೇಳಿ 2007ರಲ್ಲಿ ವರದಿ ಮಾಡಿದ್ದಾರೆ. ನೂರಕ್ಕೆ ಸುಮಾರು 12 ಮಂದಿ ಹಿಂದಿನ ಮೂರು ತಿಂಗಳಲ್ಲಿ ಒಮ್ಮೆಯಾದರೂ ಮಂಡಿ ಕೈಕೊಟ್ಟಿತ್ತು ಎಂದರು.

ಯುವಕರು ಬಿದ್ದರೆ ಮುಂದಕ್ಕೆ ಕೈ ಊರುತ್ತಾರೆ, ಮಣಿಕಟ್ಟು ಮುರಿದೀತು. ನಿಧಾನವಾಗಿ ನಡೆಯುವ ವಯಸ್ಸಾದವರು ಪಕ್ಕಕ್ಕೆ ಕುಸಿಯುತ್ತಾರೆ. ಕೈ ಮುಂದೆ ಬರುವಷ್ಟು ಹೊತ್ತೇ ಇರುವುದಿಲ್ಲ. ಪೂರ್ತಿ ಮೈಭಾರ ತೊಡೆಯ ಹೊರಬದಿಯಲ್ಲಿ ಕೈಗೆ ಸಿಗುವ ಆ ಮೂಳೆಗಂಟಿನ ಮೇಲೆ ಬೀಳುತ್ತದೆ. ನಾವು ಸೊಂಟದ ಮೂಳೆ ಅನ್ನುತ್ತೇವೆ, ಮುರಿಯುವುದು ತೊಡೆಮೂಳೆಯ ಮೇಲ್ತುದಿ. ಸೊಂಟ ಮುರಿದು ಬರುವ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಪ್ರಕರಣ ಇಂಥ ಬೀಳುವಿಕೆಯವು. ಮರದಿಂದ ಬಿದ್ದದ್ದಲ್ಲ, ಬಸ್ಸು ಗುದ್ದಿದ್ದಲ್ಲ. ನಿಂತಲ್ಲಿಂದ, ನಿಂತಷ್ಟೇ ಎತ್ತರದಿಂದ.

2017ರ ಜುಲೈ. ಆಷಾಢದ ಮಳೆ ಹಿಡಿದು ಎಂಟು ದಿನವಾಗಿತ್ತು. ನಮ್ಮ ಕಡೆ ಮಳೆಗಾಲಕ್ಕೆ ಮೊದಲು ಅಂಗಳಕ್ಕೆ ಅಡಿಕೆ ಸೋಗೆ ಹಾಸುತ್ತೇವೆ, ಮಣ್ಣು ಕೊಚ್ಚಬಾರದು, ಪಾಚಿ ಕಟ್ಟಿ ಯಾರೂ ಜಾರಬಾರದು ಎಂದು. ಆ ವರ್ಷವೂ ಅಣ್ಣ ಹಾಸಿಸಿದ್ದ. ಅಮ್ಮ ಬಿದ್ದದ್ದು ಅಂಗಳದಲ್ಲಲ್ಲ, ಒಳಗೆ, ಕಾವಿ ನೆಲದ ಮೇಲೆ, ಅಡುಗೆಮನೆಗೂ ಬಚ್ಚಲಿಗೂ ನಡುವಿನ ನಾಲ್ಕು ಅಡಿ ಜಾಗದಲ್ಲಿ. ನಾನು ಮುಟ್ಟುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಚಾಪೆಯ ಮೇಲೆ ಮಲಗಿಸಿದ್ದರು. ಬಲಗಾಲು ಎಡಗಾಲಿಗಿಂತ ಗಿಡ್ಡವಾಗಿತ್ತು, ಪಾದ ಹೊರಕ್ಕೆ ತಿರುಗಿ ಹೆಬ್ಬೆರಳು ಗೋಡೆ ನೋಡುತ್ತಿತ್ತು. ಎಕ್ಸ್‌ರೇ ಬೇಕಾಗಿರಲಿಲ್ಲ, ಕಂಡ ಕೂಡಲೇ ಗೊತ್ತಾಯಿತು. ಅಷ್ಟರಲ್ಲಿ ಯಾರೋ ಕಟ್ಟು ಕಟ್ಟುವವರಿಗೆ ಹೇಳಿಕಳಿಸಿಯೂ ಆಗಿತ್ತು. ನಾನು ಕಟ್ಟಲು ಬಿಡಲಿಲ್ಲ.

ಪಕ್ಕದಲ್ಲಿ ಅಮ್ಮನ ಬೆತ್ತದ ಕೋಲು ಬಿದ್ದಿತ್ತು. ತಿರುಗಿಸಿ ನೋಡಿದರೆ ಅಡಿಯ ರಬ್ಬರ್ ಬೂಟು ಸವೆದು, ಸೀಳಿ, ಒಳಗಿನ ಬೆತ್ತದ ತುದಿ ಹೊರಗೆ ಬಂದಿತ್ತು. ನುಣ್ಣಗಿನ ಕಾವಿ ನೆಲದ ಮೇಲೆ ಅದು ನಿಲ್ಲುವುದು ಹೇಗೆ? ಹತ್ತಾರು ರೂಪಾಯಿಯ ವಸ್ತು. ಕೋಲನ್ನು ಅಮ್ಮ ಹಿಡಿಯುತ್ತಿದ್ದದ್ದೂ ನೋಯುವ ಬಲಗಡೆಯ ಕೈಯಲ್ಲೇ. ಹಿಡಿಯಬೇಕಾದದ್ದು ನೋಯುವ ಕಾಲಿನ ಎದುರು ಕೈಯಲ್ಲಿ, ನೆಟ್ಟಗೆ ನಿಂತಾಗ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ಬಂದವರಿಗೆಲ್ಲ ನಾನು ಹೇಳುವ ಮಾತಿದು.

ಆಮೇಲೆ ಮನೆಗೆಲಸದ ಹುಡುಗಿ ಅಳುತ್ತಾ ಹೇಳಿದಳು, ಆ ವರ್ಷ ಅಮ್ಮ ಅದಾಗಲೇ ಎರಡು ಸಲ ಬಿದ್ದಿದ್ದಳಂತೆ. ಒಮ್ಮೆ ದೇವರಕೋಣೆಯ ಹೊಸ್ತಿಲಲ್ಲಿ, ಒಮ್ಮೆ ಕೊಟ್ಟಿಗೆಯ ಬಾಗಿಲಲ್ಲಿ. "ಮಗಳಿಗೆ ಹೇಳ್ಬೇಡ, ತೋಟಕ್ಕೂ ಹೋಗೋಕೆ ಬಿಡಲ್ಲ ಅವಳು" ಅಂದಿದ್ದಳಂತೆ. ವಯಸ್ಸಾದವರು ಬಿದ್ದದ್ದನ್ನು ಮುಚ್ಚಿಡುತ್ತಾರೆ. ಓಡಾಟ ಕಿತ್ತುಕೊಳ್ಳುತ್ತೇವೆ ಎಂಬ ಭಯ ಅವರಿಗೆ, ಮತ್ತು ಆ ಭಯ ಸುಳ್ಳಲ್ಲ. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಂಭವ ಬಲು ಹೆಚ್ಚು. ಆ ಎರಡು ಸಲ ಬಿದ್ದದ್ದು ಗೊತ್ತಾಗಿದ್ದರೆ ನಾನು ಅಮ್ಮನನ್ನು ಕೂಡಿಹಾಕುತ್ತಿದ್ದೆನೋ, ಕಾಲಿಗೆ ಬಲ ತುಂಬುತ್ತಿದ್ದೆನೋ, ಇವತ್ತಿಗೂ ಖಚಿತವಾಗಿ ಹೇಳಲಾರೆ.

ಆಸ್ಪತ್ರೆಯಲ್ಲಿ ಆಪರೇಷನ್ ಆದದ್ದು ಐದನೇ ದಿನ. ಒಂದು ದಿನ ಬಿಪಿ ಜಾಸ್ತಿ ಎಂದರು, ಇನ್ನೊಂದು ದಿನ ಹೃದಯದ ಸ್ಕ್ಯಾನ್ ಮಾಡುವವರು ಬಂದಿರಲಿಲ್ಲ, ಆಮೇಲೆ ಭಾನುವಾರ ಬಂತು. ಸೊಂಟ ಮುರಿದವರಿಗೆ ದಾಖಲಾದ ದಿನ ಇಲ್ಲವೇ ಮರುದಿನವೇ ಆಪರೇಷನ್ ಆಗಬೇಕೆಂದು ಬ್ರಿಟನ್ನಿನ ಮಾರ್ಗಸೂಚಿ ಹೇಳುತ್ತದೆ. ಕಾರಣ ಸರಳ. ಮುರಿದ ಕಾಲಿನ ಮುದಿ ಜೀವ ಹಾಸಿಗೆಯಲ್ಲಿ ಕಳೆಯುವ ಪ್ರತಿ ದಿನವೂ ಎದೆಗೆ ಕಫ ಕಟ್ಟುತ್ತದೆ, ಬೆನ್ನಿಗೆ ಹುಣ್ಣು ಏಳುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಬುದ್ಧಿ ತೊದಲುತ್ತದೆ. ಸೊಂಟ ಮುರಿದವರಲ್ಲಿ ಐವರಲ್ಲಿ ಒಬ್ಬರಾದರೂ ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಾರೆ. ಉಳಿದವರಲ್ಲೂ ಸುಮಾರು ಅರ್ಧದಷ್ಟು ಜನ ಮೊದಲಿನಂತೆ ಓಡಾಡುವುದಿಲ್ಲ. ಅಮ್ಮ ಆ ಅರ್ಧದಲ್ಲಿ ಸೇರಿದಳು. ವಾಕರ್ ಹಿಡಿದು ಜಗಲಿಯವರೆಗೆ ಬರುತ್ತಿದ್ದಳು, ಅಂಗಳಕ್ಕೆ ಇಳಿಯಲಿಲ್ಲ. ಮುರಿದ ಮೂಳೆ ಕೂಡಿತ್ತು. ಅವಳನ್ನು ತಡೆದದ್ದು ಅದೇ ಹಳೇ ಮಂಡಿ. ಸೊಂಟ ಮುರಿದವರನ್ನು ಮತ್ತೆ ನಡೆಸುವಾಗ ನಮಗೆ ಅಡ್ಡ ಬರುವುದೂ ಮಂಡಿಯೇ, ಇದನ್ನು ಯಾರೂ ಹೇಳುವುದಿಲ್ಲ. 2018ರ ನವೆಂಬರಿನಲ್ಲಿ, ಕೊಯ್ಲು ಶುರುವಾಗಿದ್ದ ಹೊತ್ತಿಗೆ, ಅಮ್ಮ ಹೋದಳು.

ಈಗ ನನ್ನ ಬಳಿ ಮಂಡಿ ನೋವೆಂದು ಬರುವ 65 ದಾಟಿದ ಯಾರ ಮಂಡಿಯನ್ನೂ ನಾನು ಮೊದಲು ಮುಟ್ಟುವುದಿಲ್ಲ. ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಸಿ, ಗೋಡೆಗೆ ಒರಗಿಸಿದ ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳುತ್ತೇನೆ, ಪಕ್ಕದಲ್ಲೇ ನಿಂತು. ಗಡಿಯಾರ ನೋಡುತ್ತೇನೆ. 15 ಸೆಕೆಂಡು ಮೀರಿದರೆ, ಅಥವಾ ಕೈ ಊರದೆ ಏಳಲಾಗದಿದ್ದರೆ, ಬೀಳುವವರ ಪಟ್ಟಿಗೆ ಅವರ ಹೆಸರು. ಆಮೇಲೆ ಎರಡನೇ ಪ್ರಶ್ನೆ: "ಈ ವರ್ಷ ಎಷ್ಟು ಸಲ ಬಿದ್ರಿ?" ಬಿದ್ರಾ ಎಂದು ಕೇಳಿದರೆ ಇಲ್ಲ ಅನ್ನುತ್ತಾರೆ. ಎಷ್ಟು ಸಲ ಎಂದು ಕೇಳಬೇಕು.

ಔಷಧಿ ಚೀಟಿಯನ್ನೂ ನೋಡುತ್ತೇನೆ. ಮಂಡಿ ನೋವಿಗೆ ಟ್ರಮಡಾಲ್, ಕಾಲು ಉರಿಗೆ ಪ್ರಿಗಬಾಲಿನ್, ಜೊತೆಗೆ ನಿದ್ದೆ ಮಾತ್ರೆ, ಬಿಪಿ ಮಾತ್ರೆ. ಎಲ್ಲ ಸೇರಿ ರಾತ್ರಿ ಮೂತ್ರಕ್ಕೆ ಎದ್ದವರ ತಲೆ ತಿರುಗಿಸಲು ಸಾಕು. ಮಾತ್ರೆ ನಿಲ್ಲಿಸುವ ಅಧಿಕಾರ ನನಗಿಲ್ಲ. ಬರೆದ ಡಾಕ್ಟರಿಗೆ ಫೋನ್ ಮಾಡುತ್ತೇನೆ.

ಚಿಕಿತ್ಸೆ ಏನು ಎಂದು ಕೇಳುವವರಿಗೆ ನನ್ನ ಉತ್ತರ ಕೇಳಿ ನಿರಾಸೆಯಾಗುತ್ತದೆ: ವ್ಯಾಯಾಮ. ಎಣ್ಣೆ, ಬೆಲ್ಟು, ಜೆಲ್ ಇಂಜೆಕ್ಷನ್ ಯಾವುದೂ ತೊಡೆಗೆ ಬಲ ತರುವುದಿಲ್ಲ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ವಯಸ್ಸಾದವರು ಮನೆಯಲ್ಲೇ ಮಾಡುವಂಥ ಕಾಲಿನ ಬಲ ಮತ್ತು ಸಮತೋಲನದ ಒಂದು ಕ್ರಮ ರೂಪಿಸಿದರು. ಅದನ್ನು ಮಾಡಿದವರಲ್ಲಿ ಬೀಳುವುದು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಯಿತು. ಯಂತ್ರ ಬೇಡ, ಜಿಮ್ ಬೇಡ. ಭದ್ರಾವತಿಯಿಂದ ಬರುತ್ತಿದ್ದ 71ರ ಅಜ್ಜಿಯೊಬ್ಬರು ಇದಕ್ಕೆ ತಮ್ಮದೇ ದಾರಿ ಕಂಡುಕೊಂಡರು. ಸಂಜೆ ಧಾರಾವಾಹಿಯಲ್ಲಿ ಜಾಹೀರಾತು ಬಂದ ಕೂಡಲೇ ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲು ನೆಟ್ಟಗೆ ಎತ್ತಿ ಹತ್ತು ಎಣಿಸುವುದು, ಕಥೆ ಮತ್ತೆ ಶುರುವಾದರೆ ಇಳಿಸುವುದು. ಎರಡನೇ ತಿಂಗಳಿಗೆ ಪಾದಕ್ಕೆ ಒಂದು ಕೆಜಿ ಉಪ್ಪಿನ ಪೊಟ್ಟಣ ಬಟ್ಟೆಯಲ್ಲಿ ಕಟ್ಟಿಕೊಂಡರು. ಮೂರನೇ ತಿಂಗಳಿಗೆ ನನ್ನ ಮುಂದೆ ಕೈ ಕಟ್ಟಿ ಐದು ಸಲ ಎದ್ದು ಕೂತರು, 13 ಸೆಕೆಂಡಿನಲ್ಲಿ. ಎಕ್ಸ್‌ರೇಯಲ್ಲಿ ಅವರ ಮಂಡಿ ಮೊದಲಿನಷ್ಟೇ ಸವೆದಿದೆ.

ತೀರಾ ಸವೆದು ವಕ್ರವಾದ ಮಂಡಿಗೆ ಬದಲಿ ಕೀಲು ಹಾಕಿಸುವುದೇ ಸರಿ, ಕಾಲಿನ ಬಲ ಪೂರ್ತಿ ಕರಗುವ ತನಕ ಕಾಯಬಾರದು. ಒಮ್ಮೆ ಸೊಂಟ ಮುರಿದವರಿಗೆ ಇನ್ನೊಂದು ಕಡೆಯೂ ಮುರಿಯದಂತೆ ಮೂಳೆಗೆ ಔಷಧ ಕೊಡಲೇಬೇಕು. 2007ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಸೊಂಟದ ಆಪರೇಷನ್ ಆದವರಿಗೆ ವರ್ಷಕ್ಕೊಮ್ಮೆ ಜೊಲೆಡ್ರೋನಿಕ್ ಆಮ್ಲದ ಡ್ರಿಪ್ ಕೊಟ್ಟಾಗ ಹೊಸ ಮುರಿತ ಮೂರನೇ ಒಂದು ಭಾಗ ಕಡಿಮೆಯಾಗಿ, ಸಾವೂ ಕಡಿಮೆಯಾಗಿತ್ತು. ನಾನು ನೋಡುವ ಡಿಸ್ಚಾರ್ಜ್ ಚೀಟಿಗಳಲ್ಲಿ ಬಹುಪಾಲು ಕ್ಯಾಲ್ಸಿಯಂ ಮಾತ್ರೆಯಲ್ಲೇ ಮುಗಿಯುತ್ತವೆ.

2011ರ ಜನಗಣತಿಯ ಹೊತ್ತಿಗೇ ಕರ್ನಾಟಕದಲ್ಲಿ 60 ದಾಟಿದವರು ಸುಮಾರು 58 ಲಕ್ಷ ಇದ್ದರು. ಈಗ ಇನ್ನೂ ಹೆಚ್ಚಿದ್ದಾರೆ. 2023ರ ಜೂನಿನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಮನೆಯಲ್ಲೇ ಕೂತಿದ್ದ ಎಷ್ಟೋ ಅಜ್ಜಿಯರು ಹೊರಗೆ ಬಂದರು, ಧರ್ಮಸ್ಥಳಕ್ಕೆ ಹೋದರು, ಮಗಳ ಮನೆಗೆ ಹೋದರು. ನನಗೆ ಅದು ಬಹಳ ಸಂತೋಷದ ವಿಷಯ, ನಡೆಯುವ ಕಾಲಿಗೆ ಅದಕ್ಕಿಂತ ಒಳ್ಳೆಯ ಔಷಧ ಇಲ್ಲ. ಆದರೆ ಹಳ್ಳಿ ಬಸ್ಸಿನ ಮೊದಲ ಮೆಟ್ಟಿಲು ಇವತ್ತಿಗೂ ಮಂಡಿಯೆತ್ತರಕ್ಕಿದೆ. ಕಂಡಕ್ಟರ್ ರೈಟ್ ಅನ್ನುವ ಮೊದಲು ಹಿಡಿಕೆ ಹಿಡಿದು ಮೈ ಎಳೆದುಕೊಳ್ಳಬೇಕಾದ ಅಜ್ಜಿಗೆ ಟಿಕೆಟ್ ಉಚಿತ, ಮೆಟ್ಟಿಲು ದುಬಾರಿ.

ಮನೆ ಬಾಗಿಲಿಗೇ ಹೋಗಿ ಬಿಪಿ, ಸಕ್ಕರೆ ನೋಡುವ ಗೃಹ ಆರೋಗ್ಯ ಯೋಜನೆಯನ್ನು ಸರ್ಕಾರ 2024ರಲ್ಲಿ ಕೋಲಾರದಲ್ಲಿ ಆರಂಭಿಸಿತು. ನನ್ನ ಮನವಿ ಸಣ್ಣದು. ಬಿಪಿ ಪಟ್ಟಿ ಸುತ್ತುವ ಆರೋಗ್ಯ ಕಾರ್ಯಕರ್ತೆಯ ನಮೂನೆಯಲ್ಲಿ 65 ದಾಟಿದವರಿಗೆ ಎರಡು ಸಾಲು ಸೇರಿಸಿ: ಮಂಡಿ ನೋವಿದೆಯೇ, ಈ ವರ್ಷ ಎಷ್ಟು ಸಲ ಬಿದ್ದಿರಿ. ನೋವೂ ಇದ್ದು ಒಮ್ಮೆಯಾದರೂ ಬಿದ್ದವರನ್ನು ತಾಲ್ಲೂಕು ಆಸ್ಪತ್ರೆಯ ಫಿಸಿಯೋಥೆರಪಿಗೆ ಕಳಿಸಿ, ಅಲ್ಲಿ ಆ ಹುದ್ದೆ ಖಾಲಿ ಇದ್ದರೆ ತುಂಬಿ. ಬಿದ್ದ ಮೇಲೆ ರಾಡಿಗೆ ಖರ್ಚು ಮಾಡುವ ಹಣದ ಮುಂದೆ ಇದು ಏನೂ ಅಲ್ಲ.

ಓದುತ್ತಿರುವ ನಿಮಗೂ ಒಂದು ಮಾತು. ಮುಂದಿನ ಸಲ ಊರಿಗೆ ಹೋದಾಗ ಅಮ್ಮನ ಕೋಲನ್ನು ತಲೆಕೆಳಗೆ ಮಾಡಿ ರಬ್ಬರ್ ನೋಡಿ. ಬಚ್ಚಲಿನ ಗೋಡೆಗೆ ಒಂದು ಹಿಡಿಕೆ ಹಾಕಿಸಿ, ದಾರಿಯಲ್ಲಿ ರಾತ್ರಿಯಿಡೀ ಒಂದು ದೀಪ ಇರಲಿ. ಅವರನ್ನು ಕುರ್ಚಿಯಿಂದ ಏಳಿಸಿ ನೋಡಿ. ಎಷ್ಟು ಸಲ ಬಿದ್ದೆ ಎಂದು ಕೇಳಿ, ಬೈಯುವುದಿಲ್ಲ ಎಂದು ಮೊದಲೇ ಮಾತು ಕೊಟ್ಟು ಕೇಳಿ.

ನಮ್ಮ ಮನೆಯ ಬಚ್ಚಲಿಗೆ ಹಿಡಿಕೆ ಬಂದದ್ದು ಅಮ್ಮ ಹೋದ ಮೇಲೆ. ಈಗ ಅದನ್ನು ಅತ್ತಿಗೆ ಹಿಡಿಯುತ್ತಾಳೆ. ಅವಳಿಗೆ 63, ಎಡ ಮಂಡಿ ನೋಯಲು ಶುರುವಾಗಿ ಮೂರು ವರ್ಷವಾಯಿತು.